ತಾನಾಗಿ ನಿಲ್ಲುವ ಕಾರು

ಬೆಳಗ್ಗೆ ಆರಕ್ಕೆ ಐದು ನಿಮಿಷ ಬಾಕಿ ಇರುವಾಗ ನಾನು ಗಿರಿಜಮ್ಮನವರ ಗೇಟಿನ ಚಿಲಕ ತೆಗೆಯುತ್ತಿದ್ದೆ. ಒಂಬತ್ತು ವರ್ಷ, ಒಂದು ದಿನವೂ ತಪ್ಪಿಸಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದುಕೊಂಡೇ ಹೋಗಿದ್ದೇನೆ. ಅವರು ನಮ್ಮೂರ ಆರೋಗ್ಯ ಕೇಂದ್ರದ ನರ್ಸು. ಸುತ್ತಲ ಹನ್ನೊಂದು ಹಳ್ಳಿಯ ಕೂಸುಗಳಿಗೆ ಲಸಿಕೆ ಹಾಕುವುದು, ಬಸುರಿಯರನ್ನು ನೋಡಿಕೊಳ್ಳುವುದು ಅವರ ಕೆಲಸ. ನಾನು ಪುಟ್ಟಾಚಾರಿ, ಬಸ್‌ಸ್ಟ್ಯಾಂಡಿನ ಹಿಂದಿರುವ ಗ್ಯಾರೇಜು ನನ್ನದು. ಅವರ ಹಳೆಯ ಕಾರಿನ ಕೀ ತಿರುಗಿಸಿ, ಎಂಜಿನ್ ಸರಿಯಾಗಿ ಹಿಡಿದುಕೊಂಡಿತು ಅಂತ ಖಾತ್ರಿಯಾದ ಮೇಲೆ ಇಳಿದು ಬಾಗಿಲು ಹಿಡಿದು ನಿಲ್ಲುತ್ತಿದ್ದೆ. ಅವರು ಲಸಿಕೆಯ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟು, "ಬರ್ತೀನಿ ಆಚಾರ್ರೇ" ಅನ್ನುತ್ತಿದ್ದರು. ಅಷ್ಟೇ. ಅಷ್ಟರಲ್ಲೇ ನನಗೆ ಇಡೀ ದಿನ ಕಳೆಯುತ್ತಿತ್ತು ಅಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ.

ಅವರೇ ಯಾಕೆ ಸ್ಟಾರ್ಟ್ ಮಾಡಿಕೊಳ್ಳಬಾರದಿತ್ತು ಅಂತ ಬೇರೆ ಊರಿನವರು ಕೇಳುತ್ತಾರೆ. ಹಿಂದಿನ ಸಂಜೆ ಆಫ್ ಮಾಡಿದ್ದು ಅವರೇ ಅಲ್ಲವೇ! ನಮ್ಮೂರಲ್ಲಿ ಯಾವ ಕೈ ನಿಲ್ಲಿಸುತ್ತದೋ ಆ ಕೈಗೆ ಅದು ಮತ್ತೆ ಚಾಲೂ ಆಗುವುದಿಲ್ಲ. ಪಂಪಾಗಲಿ, ಫ್ಯಾನಾಗಲಿ, ಹಿಟ್ಟಿನ ಗಿರಣಿಯಾಗಲಿ, ಉರಿಯುವ ಒಲೆಯಾಗಲಿ, ಇನ್ನೊಬ್ಬರು ಬಂದು ಮುಟ್ಟಬೇಕು. ನನ್ನ ಪಕ್ಕದ ಪಂಚರ್ ಅಂಗಡಿಯ ಹಯಾತ್ ಕಂಪ್ರೆಸರ್ ನಿಲ್ಲಿಸುತ್ತಾನೆ, ಅವನ ಹೆಂಡತಿ ಬೀಬಮ್ಮ ಚಾಲೂ ಮಾಡುತ್ತಾಳೆ. ಆಕೆ ತವರಿಗೆ ಹೋದರೆ, ನಿಲ್ಲಿಸಿದರೆ ನನ್ನನ್ನು ಕೇಳಬೇಕಲ್ಲ ಅನ್ನುವ ಬಿಗುಮಾನಕ್ಕೆ, ಮೂರು ದಿನ ಕಂಪ್ರೆಸರ್ ಬಡಿದುಕೊಳ್ಳುತ್ತಲೇ ಇರುತ್ತದೆ, ನನ್ನ ತಲೆಯೂ ಅದರ ಜೊತೆಗೆ. ಹೆಣ್ಣು ನೋಡಲು ಹೋದವರು ನಮ್ಮಲ್ಲಿ ಮೊದಲು ಕೇಳುವುದೇ ಹುಡುಗಿ ನಿಲ್ಲಿಸುವವಳೋ ಹಚ್ಚುವವಳೋ ಅಂತ. ಇಬ್ಬರೂ ನಿಲ್ಲಿಸುವ ಗುಣದವರಾದರೆ ಸಂಸಾರ ಕತ್ತಲಲ್ಲೇ ಆಗಬೇಕಾಗುತ್ತದೆ. ಅಕ್ಕಪಕ್ಕದವರು ಎಷ್ಟೇ ಜಗಳ ಆಡಲಿ, ಮಾರನೇ ದಿನ ನೀರಿನ ಹೊತ್ತಿಗೆ ಮಾತು ಬಂದುಬಿಡುತ್ತದೆ. ಕಷ್ಟ ಏನಿದ್ದರೂ ಒಂಟಿಯಾಗಿರುವವರಿಗೆ. ಗಿರಿಜಮ್ಮನವರ ಯಜಮಾನರು ತೀರಿಕೊಂಡು ಹನ್ನೆರಡು ವರ್ಷ. ನನಗೆ ಮದುವೆ ಕೂಡಿಬರಲೇ ಇಲ್ಲ.

ಆ ಹೆಂಗಸು ದಿನಕ್ಕೆ ಎಷ್ಟು ಸಲ ಕೇಳಬೇಕಾಗಿತ್ತು ಅಂತ ನಾನು ಯೋಚಿಸಿದವನೇ ಅಲ್ಲ. ಬೆಳಗ್ಗೆ ನಾನು. ಆಮೇಲೆ ಪ್ರತಿ ಹಳ್ಳಿಯಲ್ಲೂ ಕಾರು ನಿಲ್ಲಿಸಿ, ಕೆಲಸ ಮುಗಿಸಿ, ಮತ್ತೆ ಯಾರನ್ನಾದರೂ ಹುಡುಕಿಕೊಂಡು, "ಒಂಚೂರು ಸ್ಟಾರ್ಟ್ ಮಾಡ್ಕೊಡ್ತೀರಾ?" ಅನ್ನಬೇಕು. ಕೆಲವರು ಓಡಿ ಬರುತ್ತಾರೆ. ಕೆಲವರು ಬೀಡಿ ಮುಗಿಯಲಿ ಅನ್ನುತ್ತಾರೆ. ಇನ್ನು ಕೆಲವರು, ಹೆಂಗಸು ಕೇಳಿದ್ದಾಳಲ್ಲ ಅಂತ, ಹಲ್ಲು ಕಿರಿಯುತ್ತಾ ಸುಮ್ಮಸುಮ್ಮನೆ ಸತಾಯಿಸುತ್ತಾರೆ. ಇದೆಲ್ಲ ನನಗೆ ಗೊತ್ತಾಗಿದ್ದು ಅವರು ಹೊಸ ಕಾರು ತಂದ ಮಾರನೇ ದಿನ.

ಅವತ್ತು ಆರಕ್ಕೆ ಹೋದರೆ ಗೇಟಿನೊಳಗೆ ಬಿಳಿ ಕಾರು ನಿಂತಿದೆ. ಗಿರಿಜಮ್ಮ ಒಳಗೆ ಕೂತಿದ್ದಾರೆ, ಎಂಜಿನ್ ಓಡುತ್ತಿದೆ.

"ಯಾರು ಸ್ಟಾರ್ಟ್ ಮಾಡಿದ್ರು?" ಅಂದೆ. ಕೇಳುವ ಧಾಟಿ ಸರಿಯಿರಲಿಲ್ಲ, ನನಗೇ ಗೊತ್ತು.

"ನಾನೇ!" ಅಂದರು. ಆ ಮುಖ ನೋಡಬೇಕಿತ್ತು ನೀವು, ನಲವತ್ನಾಲ್ಕು ವರ್ಷದ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಅರಳಿತ್ತು. "ನಿನ್ನೆ ನಾನು ನಿಲ್ಲಿಸಲೇ ಇಲ್ಲ ಆಚಾರ್ರೇ. ಇದು ತಾನೇ ನಿಂತ್ಕೊಳ್ತು. ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ರೆ ಸಾಕು, ಎಂಜಿನ್ ತಾನಾಗಿ ಆಫ್ ಆಗ್ತದೆ. ಕ್ಲಚ್ ತುಳಿದ್ರೆ ಮತ್ತೆ ಸ್ಟಾರ್ಟು. ಮನೆಗೆ ಬಂದ್ಮೇಲೆ, ಅದು ನಿಂತ್ಮೇಲೆ, ಕೀ ತೆಕ್ಕೊಂಡೆ. ಅಷ್ಟೇ. ಇನ್ನು ನಾನು ಯಾರನ್ನೂ ಕೇಳ್ಬೇಕಾಗಿಲ್ಲ."

ಊರಲ್ಲಿ ಎರಡು ದಿನ ಇದೇ ಚರ್ಚೆ. ಕೊನೆಗೆ ಕೀ ತಿರುಗಿಸಿದ್ದು ಅವರೇ ತಾನೆ ಅಂತ ಹಯಾತ್ ವಾದ ಹೂಡಿದ. ಅಷ್ಟರಲ್ಲಿ ಎಂಜಿನ್ ನಿಂತಾಗಿತ್ತಲ್ಲೋ ಮಾರಾಯ, ನಿಂತಿದ್ದನ್ನ ನಿಲ್ಲಿಸೋದು ಹೆಂಗೆ ಅಂತ ಬೀಬಮ್ಮ ಅವನ ಬಾಯಿ ಮುಚ್ಚಿಸಿದಳು. ವಾದ ಏನೇ ಇರಲಿ, ಮಾರನೇ ಬೆಳಗ್ಗೆಯೂ ಕಾರು ಅವರ ಕೈಗೇ ಚಾಲೂ ಆಯಿತು. ನಾನು ಐದೂವರೆಗೇ ಎದ್ದು, ಮುಖ ತೊಳೆದು, ಅಂಗಿ ಹಾಕಿಕೊಂಡು, ಹೋಗುವುದಕ್ಕೆ ಜಾಗವಿಲ್ಲದೆ ಬಸ್‌ಸ್ಟ್ಯಾಂಡನ್ನು ಮೂರು ಸುತ್ತು ಹಾಕಿದೆ.

ಹೊಟ್ಟೆಯುರಿ ಅಂದರೆ ಹೊಟ್ಟೆಯುರಿಯೇ, ಮುಚ್ಚಿಡುವುದೇನು. ಅವರ ಕಾರಿನ ಜೊತೆ ಬಂದ ಪುಸ್ತಕವನ್ನು ಎರವಲು ತಂದು, ಎದುರು ಪಾರ್ಟಿಯವನ ಜಾತಕ ತೆಗೆದು ಕೂತವನ ಹಾಗೆ ಓದಿದೆ. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರು, ನೂರರ ಮೇಲೆ ಚಿಲ್ಲರೆ ಕುದುರೆ ಶಕ್ತಿ. ಮಾಮೂಲಿ ಕಾರಿನಲ್ಲಿ ಡೈನಮೋ ಇರುವ ಜಾಗದಲ್ಲಿ ಇದಕ್ಕೆ ಬೆಲ್ಟಿನ ಮೇಲೆ ಒಂದು ಮೋಟಾರು. ಬ್ರೇಕ್ ಹಾಕಿದಾಗ ಅದು ಕರೆಂಟು ಮಾಡಿ ಸೀಟಿನ ಕೆಳಗಿನ ಪುಟ್ಟ ಬ್ಯಾಟರಿಗೆ ತುಂಬುತ್ತದೆ. ಏರು ಹತ್ತುವಾಗ ಅದೇ ಕರೆಂಟಿನಿಂದ ಎಂಜಿನ್ನಿಗೆ ಬೆನ್ನು ಕೊಡುತ್ತದೆ. ನಿಂತ ಎಂಜಿನ್ನನ್ನು ಮತ್ತೆ ಎಬ್ಬಿಸುವುದೂ ಅದೇ. ಬರೀ ಕರೆಂಟಿನಲ್ಲಿ ಒಂದು ಮಾರು ದೂರವೂ ಓಡಲಾರದು. ಇಷ್ಟಕ್ಕೆ ಹೈಬ್ರಿಡ್ ಅನ್ನುವ ಹೆಸರು ಬೇರೆ!

ಊನಗಳನ್ನೂ ಹುಡುಕಿಟ್ಟುಕೊಂಡೆ. ಎಂಜಿನ್ ನಿಂತಾಗ ಎಸಿ ಬರೀ ಗಾಳಿ ಊದುತ್ತದೆ. ಬೆಲ್ಟು ಸಡಿಲವಾದರೆ ಬೆಳಗಿನ ತಂಪಿಗೆ ಕಿರುಗುಡುತ್ತದೆ. ಕ್ಲಚ್ ಅವಸರದಲ್ಲಿ ಬಿಟ್ಟರೆ ಜಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಮನಸ್ಸು ಬಂದಾಗ ಮಾತ್ರ ತಾನಾಗಿ ನಿಲ್ಲುವುದು. ಎಂಜಿನ್ ಬಿಸಿಯಾಗಿರಬೇಕು, ಬಾನೆಟ್ಟು ಗಟ್ಟಿ ಮುಚ್ಚಿರಬೇಕು, ಸೀಟ್‌ಬೆಲ್ಟ್ ಹಾಕಿರಬೇಕು, ಬ್ಯಾಟರಿಯಲ್ಲಿ ಚಾರ್ಜು ತುಂಬಿರಬೇಕು. ಒಂದು ತಪ್ಪಿದರೂ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಬೇರೆ ಊರಿನಲ್ಲಿ ಇದನ್ನು ಯಾರೂ ರೋಗ ಅಂತಲೂ ಅನ್ನುವುದಿಲ್ಲ. ನಿಲ್ಲದಿದ್ದರೆ ಬಿಡು, ಕೀ ತಿರುಗಿಸಿದರಾಯಿತು. ನಮ್ಮೂರಲ್ಲಿ ಹಾಗಲ್ಲ. ಈ ಪುಟಕ್ಕೆ ಗುರುತಿಟ್ಟುಕೊಂಡು ನಾನು ಕಾದು ಕೂತೆ ಅಂತಲೇ ಹೇಳಬೇಕು, ಸುಳ್ಳು ಯಾಕೆ.

ಒಂದು ವರ್ಷ ಏನೂ ಆಗಲಿಲ್ಲ. ನನ್ನ ಗ್ಯಾರೇಜಿನ ಮುಂದಿನ ಸರ್ಕಲ್ಲಿನಲ್ಲಿ ಅವರ ಕಾರು ನಿಲ್ಲುತ್ತಿತ್ತು, ಸದ್ದಡಗುತ್ತಿತ್ತು, ಮತ್ತೆ ಸದ್ದಿಲ್ಲದೆ ಎದ್ದು ಹೋಗುತ್ತಿತ್ತು. ಹಳೆಯ ಸ್ಟಾರ್ಟರಿನ ಹಾಗೆ ಕರಕರ ಇಲ್ಲ, ಬೆಲ್ಟಿನ ಮೋಟಾರು ಮೆಲ್ಲಗೆ ತಿರುವಿಬಿಡುತ್ತದೆ. ನಾನು ಸ್ಪ್ಯಾನರ್ ಹಿಡಿದು ನಿಂತಲ್ಲೇ ನಿಂತಿರುತ್ತಿದ್ದೆ. "ಏನ್ ಆಚಾರಿ, ಕಾರು ನೋಡ್ತಿದೀಯೋ ಕಾರ್ನೋರ್ನ ನೋಡ್ತಿದೀಯೋ?" ಅಂತ ಹಯಾತ್ ಛೇಡಿಸುತ್ತಿದ್ದ. "ನಿನ್ ಟ್ಯೂಬ್ ನೀನ್ ನೋಡ್ಕೋ" ಅನ್ನುತ್ತಿದ್ದೆ. ಗಿರಿಜಮ್ಮ ಕೈ ಎತ್ತಿ ನಕ್ಕು ಹೋಗುತ್ತಿದ್ದರು. ಆ ನಗು ಊರಿಗೆಲ್ಲ ಹಂಚುವ ನಗು. ನನಗೆ ಬೇಕಾಗಿದ್ದುದು "ಬರ್ತೀನಿ ಆಚಾರ್ರೇ" ಅನ್ನುವುದು.

ಆಮೇಲೆ ಅವರಿಗೆ ಟೈಫಾಯ್ಡ್ ಬಂತು. ಇಪ್ಪತ್ತೆರಡು ದಿನ ಮಲಗಿದರು, ಕಾರೂ ಮಲಗಿತು. ಎದ್ದು ನೋಡಿದರೆ ಬಾನೆಟ್ಟಿನೊಳಗಿನ ದೊಡ್ಡ ಬ್ಯಾಟರಿ ಪೂರಾ ಸತ್ತಿದೆ. ನಾನು ಯಾರದೋ ಲಾರಿ ನೋಡಲು ಹೋಗಿದ್ದೆ. ಬ್ಯಾಟರಿ ಅಂಗಡಿಯವನು ಬಂದು ಬೇರೆ ಬ್ಯಾಟರಿ ಕೂರಿಸಿ ಹೋದ. ಹದಿನೈದು ದಿನ ಎಲ್ಲಾ ಸರಿ ಇತ್ತು. ಹದಿನಾರನೇ ದಿನ ಸಂಜೆ ಕಾರು ಸರ್ಕಲ್ಲಿಗೆ ಬಂದು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಅವರು ಒಂದು ಸುತ್ತು ಹಾಕಿ ಬಂದರು. ನಿಲ್ಲಲಿಲ್ಲ. ಊರೆಲ್ಲ ಸುತ್ತಿ ಬಂದರು, ಮತ್ತೆ ನ್ಯೂಟ್ರಲ್ ಮಾಡಿದರು, ಮತ್ತೆ ಕ್ಲಚ್ ಬಿಟ್ಟರು. ನಾನು ಎಣಿಸುತ್ತಾ ನಿಂತಿದ್ದೆ. ಏಳನೇ ಸುತ್ತಿಗೆ ಅವರ ಮುಖ ಬಾಡಿಹೋಗಿತ್ತು. ಎಂಟನೇ ಸಲ ಗ್ಯಾರೇಜಿನ ಮುಂದೆ ಬಂದು ಗಾಜು ಇಳಿಸಿದರು.

"ಯಾಕೋ ನಿಲ್ತಿಲ್ಲ, ನೋಡಿ ಆಚಾರ್ರೇ."

ಬಾನೆಟ್ ಎತ್ತಿದೆ. ನೋಡಿದ ಕೂಡಲೇ ಗೊತ್ತಾಯಿತು. ಇಂಥ ಕಾರಿಗೆ ದಿನಕ್ಕೆ ನೂರು ಸಲ ಎದ್ದು ಕೂತು ಮಾಡುವುದಕ್ಕೆಂದೇ ಮಾಡಿದ ಬ್ಯಾಟರಿ ಬೇಕು. ಅಂಗಡಿಯವನು ಮಾಮೂಲಿದು ಕೂರಿಸಿದ್ದಾನೆ. ಅದು ಹದಿನೈದು ದಿನಕ್ಕೇ ಸುಸ್ತಾಗಿದೆ. ಚಾರ್ಜು ಸಾಲದು ಅಂತ ಕಾರು ನಿಲ್ಲಲು ಒಪ್ಪುತ್ತಿಲ್ಲ. ಸರಿಯಾದ ಬ್ಯಾಟರಿಯನ್ನು ಹೊರಗಿನಿಂದ ಬಸ್ಸಿಗೆ ಹಾಕಿಸಿಕೊಂಡರೆ ಎರಡು ದಿನದ ಕೆಲಸ. ಇದನ್ನು ಹೇಳಲು ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದೇ ಬೇರೆ.

"ಬೆಲ್ಟಿನ ಮೋಟ್ರು ಹೋಗೈತೆ ಗಿರಿಜಮ್ನೋರೇ. ಎಲ್ಲಿಂದಲೋ ತರಿಸ್ಬೇಕು. ಒಂದು ತಿಂಗಳಾದ್ರೂ ಆಯ್ತದೆ."

ಅವರು ಸ್ಟೀರಿಂಗ್‌ನಿಂದ ಕೈ ತೆಗೆದರು. "ಒಂದು ತಿಂಗಳೇ?"

"ಅಲ್ಲೀಗಂಟ ನಾನ್ ಇಲ್ವೇನ್ರೀ? ಬೆಳಗ್ಗೆ ಆರ್ಗಂಟೆಗೆ ಬತ್ತೀನಿ."

"ಬನ್ನಿ" ಅಂದರು. ಮೊದಲಿನ ಒಂಬತ್ತು ವರ್ಷದಲ್ಲಿ ಅವರು ಯಾವತ್ತೂ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿರಲಿಲ್ಲ. ಆ ದನಿಯೊಳಗಿನ ನೋವು ಆಗ ನನಗೆ ತಾಗಲೂ ಇಲ್ಲ. ಅವತ್ತು ನಾನು ಮಾಡಿದ್ದು ನೀಚ ಕೆಲಸ, ಆದರೂ ಆ ಸಂಜೆ ನನ್ನಷ್ಟು ಖುಷಿಯಾಗಿದ್ದವನು ಊರಲ್ಲಿ ಯಾರೂ ಇರಲಿಲ್ಲ.

ಮತ್ತೆ ಬೆಳಗಿನ ಆರು, ಮತ್ತೆ ಗೇಟಿನ ಚಿಲಕ, ಮತ್ತೆ "ಬರ್ತೀನಿ ಆಚಾರ್ರೇ". ಮೊದಲ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಎರಡನೇ ವಾರದಿಂದ ಏನೋ ಚಡಪಡಿಕೆ ಶುರುವಾಯಿತು. ಅವರು ಕಾಯುತ್ತಾ ನಿಂತಿರುತ್ತಿದ್ದರು, ಗಡಿಯಾರ ನೋಡುತ್ತಿದ್ದರು. ನಾನು ಕೀ ತಿರುಗಿಸಿದ ಕೂಡಲೇ ತಲೆ ಎತ್ತದೆ ಹತ್ತಿ ಹೋಗುತ್ತಿದ್ದರು. ಮಾತು ಅದೇ, ಆದರೆ ಒಳಗೆ ಏನೂ ಇರಲಿಲ್ಲ. "ಮೋಟಾರು ಹೊರಟಿತಾ?" ಅಂತ ದಿನಾ ಕೇಳುವರು. "ಬತ್ತಾ ಐತೆ" ಅಂತ ದಿನಾ ಹೇಳುವೆ. ಅನ್ನ ಸೇರುತ್ತಿರಲಿಲ್ಲ. ಯಾವ ಕಾರಿನ ಶಬ್ದ ಕೇಳಿದರೂ ಬೀದಿಗೆ ಬಂದು ನೋಡುತ್ತಿದ್ದೆ. ಒಂದು ದಿನ ಬೇರೆಯವರ ಜೀಪಿಗೆ ಎಂಜಿನ್ ಆಯಿಲ್ ಬದಲು ಗೇರ್ ಆಯಿಲ್ ಹೊಯ್ದೆ. "ನಿನಗೇನೋ ಆಗಿದೆ ಆಚಾರಿ, ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸ್ಕೊ" ಅಂದ ಹಯಾತ್. ಅವನಿಗೂ ನಿಜ ಹೇಳಿರಲಿಲ್ಲ.

ಹಳ್ಳಿಗಳಲ್ಲಿ ಅವರು ಕಾರು ಆಫ್ ಮಾಡುವುದನ್ನೇ ಬಿಟ್ಟಿದ್ದಾರೆ ಅಂತ ಆಮೇಲೆ ತಿಳಿಯಿತು. ಒಂದು ವರ್ಷ ಯಾರನ್ನೂ ಕೇಳದೆ ಓಡಾಡಿದವರಿಗೆ ಮತ್ತೆ ಬೀಡಿಯವರ ಮುಂದೆ ಹೋಗಿ ನಿಲ್ಲುವುದಕ್ಕೆ ಮನಸ್ಸು ಒಪ್ಪಲಿಲ್ಲ. ಎಂಜಿನ್ ಓಡಿಸಿಟ್ಟೇ ಕೆಲಸ ಮುಗಿಸುತ್ತಿದ್ದರು, ಗಂಟೆಗಟ್ಟಲೆ. ಆ ಕಾರು ಪೆಟ್ರೋಲು ಕುಡಿಯುವುದು ಎಷ್ಟು ಕಮ್ಮಿ ಅಂದರೆ ವಾರಕ್ಕೊಮ್ಮೆ ಮುಳ್ಳು ನೋಡಿದರೆ ಸಾಕು ಅನ್ನುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ನಿಂತಲ್ಲೇ ಓಡುವ ಕಾರಿನ ಲೆಕ್ಕ ಬೇರೆ. ಮೂರನೇ ವಾರದ ಬುಧವಾರ ನಡುಮಧ್ಯಾಹ್ನ ಕೆರೆ ಏರಿಯ ಮೇಲೆ, ಎರಡು ಹಳ್ಳಿಗಳ ಮಧ್ಯೆ, ಪೆಟ್ರೋಲ್ ಖಾಲಿಯಾಗಿ ನಿಂತುಹೋಯಿತು.

ಸಂಜೆ ಐದಕ್ಕೆ ಅವರು ನನ್ನ ಗ್ಯಾರೇಜಿಗೆ ನಡೆದು ಬಂದರು. ಉಂಗುಷ್ಠ ಕಿತ್ತ ಒಂದು ಚಪ್ಪಲಿ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಲಸಿಕೆಯ ಡಬ್ಬಿ. ಕಾಯಿಲೆಯಿಂದ ಎದ್ದ ಮೈ; ಬೆಂಚಿನ ಮೇಲೆ ಕುಸಿದು ಕೂತರು. ಬೀಬಮ್ಮ ಓಡಿಹೋಗಿ ನೀರು ತಂದಳು.

"ಐಸ್ ಎಲ್ಲಾ ಕರಗೋಯ್ತು" ಅಂದರು. "ಲಸಿಕೆ ಒಂದೂ ಉಳೀಲಿಲ್ಲ. ಮುಂದಿನ ಹಳ್ಳೀಲಿ ಹದಿನಾಲ್ಕು ತಾಯಂದಿರು ಮಕ್ಕಳನ್ನ ಎತ್ಕೊಂಡು ಬೆಳಗ್ಗಿಂದ ಕೂತಿದ್ರಂತೆ. ಕೂಲಿ ಬಿಟ್ಟು ಬಂದಿದ್ರು ಪಾಪ." ನೀರು ಕುಡಿದರು. "ತಪ್ಪು ನಂದೇ ಆಚಾರ್ರೇ. ಮುಳ್ಳು ನೋಡ್ಕೋಬೇಕಿತ್ತು. ನೀವು ಪಾಪ ಮೋಟಾರಿಗೆ ಅಂತ ಎಷ್ಟು ಒದ್ದಾಡ್ತಿದ್ದೀರಿ, ನಾನು ನೋಡಿದ್ರೆ ಇಷ್ಟೂ ಗಮನ ಇಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ದೇವರಾಣೆ. ಆ "ಪಾಪ" ಅನ್ನುವುದನ್ನು ತಡೆಯಲಾಗಲಿಲ್ಲ.

"ಮೋಟ್ರು ಏನೂ ಆಗಿಲ್ಲ" ಅಂದೆ.

"ಅಂದ್ರೆ?"

"ಮೋಟ್ರು ಚೆನ್ನಾಗೈತೆ. ಬ್ಯಾಟ್ರಿ ತಪ್ಪು ಹಾಕವ್ರೆ, ಅಷ್ಟೇ. ಎರಡು ದಿನದ ಕೆಲ್ಸ. ನೋಡಿದ್ ದಿನಾನೇ ಗೊತ್ತಾಗಿತ್ತು ನಂಗೆ. ಬೇಕಂತಲೇ ಸುಳ್ಳು ಹೇಳ್ದೆ."

ಬೀಬಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹಯಾತ್ ಟ್ಯೂಬು ಉಜ್ಜುವುದನ್ನು ನಿಲ್ಲಿಸಿದ. ಗಿರಿಜಮ್ಮ ನನ್ನನ್ನೇ ನೋಡಿದರು.

"ಯಾಕೆ?"

"ಬೆಳಗ್ಗೆ ನಿಮ್ಮನೆಗೆ ಬರೋಕೆ."

ಇದಕ್ಕಿಂತ ಚೆಂದವಾಗಿ ಹೇಳಬಹುದಿತ್ತೇನೋ. ನನಗೆ ಬರಲಿಲ್ಲ. ಅವರ ಮುಖ ಕೆಂಪಾಯಿತು, ಆಮೇಲೆ ಬಿಳುಚಿಕೊಂಡಿತು.

"ಬರೋಕೆ ಸುಳ್ಳು ಹೇಳ್ಬೇಕಾಗಿತ್ತಾ? ಬಾಯಿರಲಿಲ್ವಾ ನಿಮಗೆ?" ಅಂದರು. "ಹನ್ನೆರಡು ವರ್ಷ ಕಂಡ್‌ಕಂಡೋರ ಮುಂದೆ ಕೈ ಚಾಚಿದೀನಿ ಆಚಾರ್ರೇ. ಕಾರು ಸ್ಟಾರ್ಟ್ ಮಾಡ್ಕೊಡಿ, ಫ್ಯಾನ್ ಹಾಕ್ಕೊಡಿ, ಒಲೆ ಹಚ್ಕೊಡಿ. ಈ ಒಂದು ವರ್ಷ ನಾನು ತಲೆ ಎತ್ಕೊಂಡು ಓಡಾಡ್ದೆ. ಅದನ್ನ ಕಿತ್ಕೊಂಡ್ರಿ ನೀವು. ಬೀಡಿ ಸೇದೋರು ಎಷ್ಟೋ ವಾಸಿ, ಹತ್ತು ನಿಮಿಷ ಸತಾಯಿಸ್ತಾರೆ, ಬಿಡ್ತಾರೆ."

ಕಾರಿನ ಕೀಯನ್ನು ಬೆಂಚಿನ ಮೇಲೆ ಬಿಟ್ಟು, ಡಬ್ಬಿ ಎತ್ತಿಕೊಂಡು, ಕಿತ್ತ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಮನೆಯ ಕಡೆ ಹೊರಟುಬಿಟ್ಟರು. ಹಯಾತ್ ಅವತ್ತು ಏನೂ ಛೇಡಿಸಲಿಲ್ಲ. ಬೀಬಮ್ಮ ಮಾತ್ರ, "ಥೂ ನಿನ್ನ! ಇಷ್ಟು ವರ್ಷ ಆಯ್ತು ಬುದ್ಧಿ ಬೇಡ್ವಾ ನಿಂಗೆ" ಅಂದು ಒಳಗೆ ಹೋದಳು.

ನಾನು ಕ್ಯಾನಿನಲ್ಲಿ ಪೆಟ್ರೋಲ್ ತೆಗೆದುಕೊಂಡು ಏರಿಗೆ ಹೋಗಿ ಕಾರನ್ನು ತಂದೆ. ಎರಡು ದಿನಕ್ಕೆ ಸರಿಯಾದ ಬ್ಯಾಟರಿ ಬಂತು. ಕೂರಿಸಿದೆ. ಬೆಲ್ಟಿನ ಬಿಗಿ ನೋಡಿದೆ, ಬಾನೆಟ್ಟಿನ ಸ್ವಿಚ್ಚು ಒರೆಸಿದೆ, ಸೀಟಿನ ಕೆಳಗಿನ ಬ್ಯಾಟರಿಯ ಜಾಲರಿಯಲ್ಲಿ ಕೂತಿದ್ದ ಧೂಳು ತೆಗೆದೆ. ಹೊಸ ಬ್ಯಾಟರಿ ಹಾಕಿದ ಮೇಲೆ ಕಾರಿಗೆ ಅದರ ಅಳತೆ ತಿಳಿಯಲು ಸ್ವಲ್ಪ ಹೊತ್ತು ಬೇಕು. ಅದನ್ನು ಹಾಗೇ ಬಿಟ್ಟು ಮಾರನೇ ದಿನ ಹಯಾತ್ ಕೈಲಿ ಸ್ಟಾರ್ಟ್ ಮಾಡಿಸಿ ಎರಡು ಊರು ಓಡಿಸಿಕೊಂಡು ಬಂದೆ. ಅವರ ಮನೆಯ ಗೇಟಿನ ಮುಂದೆ ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟೆ. ಮೀಟರಿನಲ್ಲಿ ಹಸಿರು ದೀಪ ಬಂತು, ಎಂಜಿನ್ ತಾನಾಗಿ ನಿಂತಿತು. ಗಿರಿಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೀಯನ್ನು ಜಗಲಿಯ ಮೇಲಿಟ್ಟೆ. "ಇನ್ನು ಯಾರ್ನೂ ಕೇಳ್ಬೇಕಿಲ್ಲ. ತಪ್ಪಾಯ್ತು" ಅಂದೆ. ಅವರು ಕೀ ತೆಗೆದುಕೊಂಡು ಒಳಗೆ ಹೋದರು.

ಆಮೇಲಿನ ಎರಡು ತಿಂಗಳು ಹೇಗೆ ಕಳೆಯಿತೋ ನನಗೇ ಗೊತ್ತಿಲ್ಲ. ಐದೂವರೆಗೆ ಎಚ್ಚರವಾಗುತ್ತಿತ್ತು. ಏಳಬಾರದು ಅಂತ ಮಲಗಿರುತ್ತಿದ್ದೆ, ಕಾಲು ತಾನಾಗಿ ನೆಲಕ್ಕಿಳಿಯುತ್ತಿತ್ತು. ಆರೂಕಾಲಿಗೆ ಬಿಳಿ ಕಾರು ಸರ್ಕಲ್ಲಿಗೆ ಬಂದು ನಿಲ್ಲುವುದು, ಸದ್ದಡಗುವುದು. ಅವರು ಈ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮತ್ತೆ ಎದ್ದು ಹೋಗುವುದು. ಗ್ಯಾರೇಜನ್ನು ಬೇರೆ ಕಡೆಗೆ ಸಾಗಿಸೋಣ ಅಂತ ಕೂಡ ಯೋಚಿಸಿದೆ. ಜಾಗ ನೋಡಿಕೊಂಡು ಬಂದೆ, ಮಾರನೇ ದಿನ ಬೇಡ ಅಂದೆ, ಅದರ ಮಾರನೇ ದಿನ ಮತ್ತೆ ಹೋಗಿ ನೋಡಿದೆ. ಹನ್ನೊಂದು ಹಳ್ಳಿಯ ಲಸಿಕೆಯೂ ಸರಿಯಾಗಿ ನಡೆಯುತ್ತಿದೆ, ಕಾರಿಗೆ ಒಂದು ದಿನವೂ ತೊಂದರೆಯಿಲ್ಲ ಅಂತ ಬೀಬಮ್ಮ ಸುದ್ದಿ ಹೇಳುತ್ತಿದ್ದಳು. ನಾನು ಮಾಡಿದ ಕೆಲಸ ಸರಿಯಾಗಿದೆ ಅಂತ ಸಮಾಧಾನ, ಅದು ಕೆಡುವುದೇ ಇಲ್ಲವಲ್ಲ ಅಂತ ಸಂಕಟ. ಎರಡೂ ಒಟ್ಟಿಗೇ ಇದ್ದವು.

ಒಂದು ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಾ ಹಿತ್ತಲಲ್ಲಿದ್ದೆ. ಮನೆಯ ಮುಂದೆ ಕಾರು ಬಂದ ಸದ್ದಾಯಿತು. ಓಡಿಬಂದು ನೋಡಿದರೆ ಬಿಳಿ ಕಾರು ನನ್ನ ಬಾಗಿಲಿಗೇ ಬಂದು ನಿಂತಿದೆ. ಎಂಜಿನ್ ಓಡುತ್ತಿತ್ತು. ನ್ಯೂಟ್ರಲ್ ಮಾಡಿರಲಿಲ್ಲ, ಅವರು ಕ್ಲಚ್ ತುಳಿದುಕೊಂಡೇ ಕೂತಿದ್ದರು. ನನ್ನನ್ನು ನೋಡಿದರು. ನೋಡುತ್ತಲೇ ಬಲಗೈ ಮುಂದೆ ಮಾಡಿ ಕೀ ತಿರುಗಿಸಿ ಆಫ್ ಮಾಡಿದರು.

ನನಗೆ ಬಾಯಲ್ಲಿ ಪೇಸ್ಟು. "ಅಯ್ಯೋ, ಯಾಕ್ರೀ ನೀವೇ ನಿಲ್ಲಿಸಿದ್ರಿ? ಅದೇ ನಿಲ್ತಿತ್ತಲ್ಲ! ಮತ್ತೆ ಕೆಟ್ಟೋಯ್ತಾ?" ಅಂತ ಹೇಗೋ ಕೇಳಿದೆ.

"ಏನೂ ಕೆಟ್ಟಿಲ್ಲ" ಅಂದರು. ಇಳಿದು ಬಾಗಿಲು ಹಾಕಿದರು. "ಯಾರನ್ನೂ ಕೇಳದೆ ಇರಬಲ್ಲೆ ಅಂತ ಚೆನ್ನಾಗಿ ಗೊತ್ತಾಯ್ತು ಆಚಾರ್ರೇ. ಅದಕ್ಕೇ ಈಗ ಕೇಳ್ತಿದೀನಿ. ಸ್ಟಾರ್ಟ್ ಮಾಡ್ಕೊಡ್ತೀರಾ?"

ಕೀಯನ್ನು ಚಾಚಿ ಹಿಡಿದಿದ್ದರು. ನಾನು ಬಾಯಿ ತೊಳೆದುಕೊಂಡು ಬಂದೆ. ಕೈ ಒರೆಸಿಕೊಂಡೆ, ಎರಡು ಸಲ. ಆಮೇಲೆ ಕೀ ತೆಗೆದುಕೊಂಡೆ.

"ಮಾಡ್ಕೊಡ್ತೀನಿ" ಅಂದೆ. "ಆದ್ರೆ ಕಾಫಿ ಕುಡ್ಕೊಂಡ್ ಹೋಗಿ. ನನ್ ಒಲೇನೂ ನೆನ್ನೆ ನಾನೇ ಆರಿಸಿದ್ದು ಗಿರಿಜಮ್ನೋರೇ. ನೀವೇ ಹಚ್ಚಬೇಕು."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಬೆಂಕಿಪೊಟ್ಟಣ ಎಲ್ಲಿದೆ ಅಂತ ಕೇಳಿದರು.